ಕೊಟ್ಟ ಮಾತು, ತೆತ್ತ ಬೆಲೆ

ನಮ್ಮ ಮಂಡ್ಯ ಸೀಮೆಯಲ್ಲಿ ತೀರಿಕೊಂಡವರ ಬಗ್ಗೆ ಆಡುವ ಒಳ್ಳೆಯ ಮಾತುಗಳಲ್ಲೂ ಮೇಲು ಕೆಳಗು ಎಂಬುದುಂಟು. ಸಾಧು ಸ್ವಭಾವದವರಾದರೆ 'ಪಾಪ, ಯಾರ ತಂಟೆಗೂ ಹೋದವರಲ್ಲ' ಎನ್ನುತ್ತಾರೆ. ಸ್ವಲ್ಪ ಉಳ್ಳವರಾಗಿದ್ದರೆ 'ಹಸಿದು ಬಂದವರನ್ನು ಹಾಗೇ ಕಳಿಸಿದವರಲ್ಲ' ಎನ್ನುತ್ತಾರೆ. ಇವೆರಡಕ್ಕೂ ಮೇಲಿನದು, ಎಲ್ಲರಿಗೂ ಸಿಗದಿರುವುದು ಇನ್ನೊಂದಿದೆ: 'ಆಡಿದ ಮಾತಿಗೆ ತಪ್ಪಿದವರಲ್ಲ.' ನನ್ನ ತಾಯಿಯ ತಂದೆ 1996ರಲ್ಲಿ ತೀರಿಕೊಂಡಾಗ ಪಾಂಡವಪುರ ತಾಲ್ಲೂಕಿನ ನಮ್ಮ ಊರಿನವರಲ್ಲದೆ ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಕಡೆಗಳಿಂದ ಬಂದವರೂ ಈ ಮಾತನ್ನೇ ಆಡಿದರು. ಸಾಲ ಕೊಟ್ಟವರೂ ಆಡಿದರು, ಸಾಲ ಪಡೆದವರೂ ಆಡಿದರು. ಎರಡೂ ಕಡೆಯವರು ಒಂದೇ ಮಾತನ್ನು ಹೇಳಿದರೆಂದರೆ ಅದು ನಿಜವಿರಲೇಬೇಕು.

ಅದು ನಿಜವೇ. ತಾತ ಹರೆಯದಲ್ಲಿ ಸಿಪಾಯಿಯಾಗಿದ್ದವರು, ಆಮೇಲೆ ಆಲೆಮನೆ ಹಾಕಿ, ಹಿಟ್ಟಿನ ಗಿರಣಿ ಇಟ್ಟು, ಹತ್ತಾರು ಜನಕ್ಕೆ ಕೆಲಸ ಕೊಟ್ಟವರು. ಈ ಎರಡು ಬದುಕನ್ನೂ ಅವರು ಮಾತಿನ ಮೇಲೆ ನಡೆಸಿದರು. ನಾನು ಅವರ ಮನೆಯಲ್ಲೇ ಬೆಳೆದವಳು. ಅವರ ಮೇಲಿನ ಪ್ರೀತಿ ಇಂದಿಗೂ ನನ್ನಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೂ ವಯಸ್ಸು ಐವತ್ತು ದಾಟಿದ ಮೇಲೆ, ಅಜ್ಜಿಯ ವಯಸ್ಸಿನ ಹೆಂಗಸರ ಜೊತೆ ಕೂತು ಮಾತಾಡುವ ಸಲಿಗೆ ಬಂದ ಮೇಲೆ, ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾತು ಉಳಿಸಿಕೊಳ್ಳುವುದು ಯಾವಾಗ ಧರ್ಮವಾಗುತ್ತದೆ, ಯಾವಾಗ ಬರಿಯ ಹಟವಾಗುತ್ತದೆ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಒಬ್ಬ ವಿದ್ಯಾರ್ಥಿನಿ. ಕೆಲವು ವರ್ಷಗಳ ಹಿಂದೆ ಕನ್ನಡದ ಮೇಷ್ಟ್ರು ರಜೆಯಲ್ಲಿದ್ದಾಗ ಅವರ ತರಗತಿಗೆ ಹೋಗಿದ್ದೆ. ಪುಣ್ಯಕೋಟಿಯ ಕಥೆ ಬಂತು. ಕನ್ನಡ ನಾಡಿನಲ್ಲಿ ಹುಟ್ಟಿದ ಯಾವ ಮಗುವಿಗೂ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹುಲಿಗೆ ಕೊಟ್ಟ ಮಾತಿನಂತೆ ಹಸು ಕರುವಿಗೆ ಹಾಲೂಡಿಸಿ, ಅದನ್ನು ಉಳಿದ ಹಸುಗಳ ಕೈಗೊಪ್ಪಿಸಿ, ಹುಲಿಯ ಗುಹೆಗೆ ಮರಳುತ್ತದೆ. ಸತ್ಯದ ಮಹಿಮೆಯನ್ನು ನಾನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಾತು ಕೊಟ್ಟಿದ್ದು ಹಸು, ಸರಿ ಮಿಸ್. ಕರುನ ಯಾರು ಕೇಳಿದ್ರು?" ಎಂದಳು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗಿಯ ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರೆಂಬುದು ನನಗೆ ಗೊತ್ತಿತ್ತು.

ಹುಲಿ ಕೊನೆಗೆ ಪಶ್ಚಾತ್ತಾಪ ಪಟ್ಟು ಪ್ರಾಣ ಬಿಡುತ್ತದೆ, ಹಸು ಮನೆಗೆ ಬರುತ್ತದೆ, ಆದ್ದರಿಂದ ಕಥೆಯೊಳಗೆ ಆ ಪ್ರಶ್ನೆಗೆ ಉತ್ತರ ಬೇಕಾಗುವುದಿಲ್ಲ. ಬದುಕಿನಲ್ಲಿ ಹುಲಿಗಳು ಹಾಗೆ ಪ್ರಾಣ ಬಿಡುವುದಿಲ್ಲ. ಅಲ್ಲಿ ಉತ್ತರ ಬೇಕು.

ತಾತ ಮೈಸೂರು ಮಹಾರಾಜರ ಸೈನ್ಯಕ್ಕೆ ಸೇರಿದ್ದು 1938ರಲ್ಲಿ. ಸೇರಲು ದೊಡ್ಡ ಕಾರಣವೇನಿರಲಿಲ್ಲ. ಅವರು ಮನೆಯ ಮೂರನೆಯ ಮಗ. ಕನ್ನಂಬಾಡಿ ಕಟ್ಟೆಯ ನಾಲೆ ಹುಲಿಕೆರೆಯ ಸುರಂಗ ದಾಟಿ ಬಂದಿದ್ದರೂ ನಮ್ಮ ಜಮೀನಿನ ಬಹುಪಾಲು ನಾಲೆಯ ಮೇಲ್ಗಡೆಗಿತ್ತು. ಕೆಳಗಿನವರು ಭತ್ತ ಕಬ್ಬು ಬೆಳೆಯುತ್ತಿದ್ದಾಗ ನಮ್ಮವರು ರಾಗಿ ಹುರುಳಿಯಲ್ಲೇ ಇದ್ದರು. ಊರಿನಲ್ಲಿ ಒಬ್ಬ ಮುದುಕರಿದ್ದರಂತೆ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಕುದುರೆ ಪಡೆಯ ಜೊತೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗವನ್ನು ಕಂಡು ಬಂದವರು. ಬೆಟ್ಟದ ಮೇಲಿಂದ ಹಾರುತ್ತಿದ್ದ ಗುಂಡುಗಳ ಕೆಳಗೆ ಈಟಿ ಹಿಡಿದು ಕುದುರೆ ಓಡಿಸಿದ ಕಥೆಯನ್ನು ಅವರು ಅರಳಿಕಟ್ಟೆಯ ಮೇಲೆ ಹೇಳುತ್ತಿದ್ದರು. ಹೊಟ್ಟೆಪಾಡು ಒಂದು ಕಡೆ, ಆ ಕಥೆ ಇನ್ನೊಂದು ಕಡೆ. ಇಪ್ಪತ್ತೊಂದರ ಹುಡುಗ ಮೈಸೂರಿಗೆ ನಡೆದುಬಿಟ್ಟ. ಸೈನ್ಯಕ್ಕೆ ಸೇರುವಾಗ ಮಹಾರಾಜರ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. ಆಗ ಇನ್ನೂ ನಾಲ್ವಡಿ ಕೃಷ್ಣರಾಜ ಒಡೆಯರು ಇದ್ದರು. "ಕಟ್ಟೆ ಕಟ್ಟಿದ ದೊರೆ ಹೆಸರಲ್ಲಿ ಮಾತು ಕೊಟ್ಟೆ ಕಣವ್ವ" ಎಂದು ತಾತ ಹೇಳುತ್ತಿದ್ದ ರೀತಿಯಲ್ಲಿ, ಆ ಪ್ರಮಾಣ ಅವರಿಗೆ ಕಾಗದದ ವಿಷಯವಾಗಿರಲಿಲ್ಲ, ನೀರಿನ ವಿಷಯವಾಗಿತ್ತು ಎಂಬುದು ತಿಳಿಯುತ್ತಿತ್ತು.

ಮಾರನೆಯ ವರ್ಷ ರಜೆಯಲ್ಲಿ ಬಂದಾಗ ಮದುವೆಯಾಯಿತು. ಅಜ್ಜಿ ನಾಗಮಂಗಲ ಕಡೆಯವರು. ನೀರಿಲ್ಲದ ಸೀಮೆಯ ಹೆಣ್ಣು ನಾಲೆಯ ಸೀಮೆಗೆ ಬಂದದ್ದೇ ಪುಣ್ಯವೆಂದು ಅವಳ ತವರಿನವರು ತಿಳಿದರು. ಅವಳ ಜೊತೆಗೆ ನಾಗಮಂಗಲದ ಕಂಚುಗಾರರು ಎರಕ ಹೊಯ್ದ ಹಿತ್ತಾಳೆಯ ಪಾತ್ರೆಗಳೂ, ಹತ್ತಿಪ್ಪತ್ತು ತೊಲ ಅಲ್ಲದಿದ್ದರೂ ಮರ್ಯಾದೆಗೆ ಸಾಕಾಗುವಷ್ಟು ಚಿನ್ನವೂ ಬಂದವು. 1941ರಲ್ಲಿ ತಾತನಿದ್ದ ದಳವನ್ನು ಕಡಲಾಚೆಗೆ ಕಳಿಸಿದರು. ಹೋಗುವಾಗ ಅವರು ಅಜ್ಜಿಗೆ, "ಬತ್ತೀನಿ" ಎಂದಷ್ಟೇ ಹೇಳಿದರಂತೆ. ನಮ್ಮಲ್ಲಿ ಹೊರಟವರು ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಆ ಮಾತನ್ನು ಎಲ್ಲರೂ ಆಡುತ್ತಾರೆ, ಯಾರೂ ಮಾತು ಕೊಟ್ಟೆವೆಂದು ತಿಳಿಯುವುದಿಲ್ಲ. ಅಜ್ಜಿ ಮಾತ್ರ ಹಾಗೆ ತಿಳಿದಳು.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಎರಡು ದಿನಗಳ ನಂತರ, ಭಾರತದ ಸುಮಾರು 45,000 ಸೈನಿಕರನ್ನು ಫ್ಯಾರರ್ ಪಾರ್ಕ್ ಎಂಬ ಮೈದಾನದಲ್ಲಿ ನೆರೆಸಿದರು. ಬ್ರಿಟಿಷ್ ಅಧಿಕಾರಿಯೊಬ್ಬ ಎದ್ದು ನಿಂತು, ನೀವಿನ್ನು ಜಪಾನೀಯರ ಅಧೀನ ಎಂದು ಹೇಳಿ ಅವರನ್ನು ಮೇಜರ್ ಫುಜಿವಾರ ಎಂಬವನಿಗೆ ಒಪ್ಪಿಸಿಬಿಟ್ಟ. ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಮಾತಾಡಿ, ಭಾರತದ ಸ್ವಾತಂತ್ರ್ಯಕ್ಕಾಗಿ ಹೊಸ ಸೈನ್ಯ ಕಟ್ಟೋಣ ಬನ್ನಿ ಎಂದು ಕರೆದರು. ಅದೇ ಮುಂದೆ ಸುಭಾಷಚಂದ್ರ ಬೋಸರು 1943ರಲ್ಲಿ ಬಂದು ನಾಯಕತ್ವ ವಹಿಸಿದ ಆಜಾದ್ ಹಿಂದ್ ಫೌಜ್. ಸಾವಿರಾರು ಜನ ಸೇರಿದರು. ಸಾವಿರಾರು ಜನ ಸೇರದೆ ಉಳಿದರು. ಉಳಿದವರು ಸೆರೆಯಾಳುಗಳಾಗಿ ಕೂಲಿ ಮಾಡಿದರು. ಬಹಳ ಮಂದಿಯನ್ನು ಹಡಗಿನಲ್ಲಿ ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಸಾಗಿಸಿದರು, ಅವರಲ್ಲಿ ಮರಳಿ ಬರದವರೇ ಎಷ್ಟೋ. ತಾತ ಸೇರದೆ ಉಳಿದವರು. ಅವರನ್ನು ದ್ವೀಪಕ್ಕೆ ಸಾಗಿಸಲಿಲ್ಲ. ಮೂರೂವರೆ ವರ್ಷ ಸಿಂಗಪುರದ ಬಂದರಿನಲ್ಲಿ ಮೂಟೆ ಹೊತ್ತರು.

ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಪ್ರತಿ ವರ್ಷ ಈ ಪಾಠ ಬರುತ್ತದೆ. ಪುಸ್ತಕದಲ್ಲಿ ಸೇರಿದವರ ಕಥೆಯಿದೆ, ಇರಬೇಕಾದದ್ದೇ. ಸೇರದೆ ಉಳಿದವರಿಗೆ ಅಲ್ಲಿ ಒಂದು ಸಾಲೂ ಇಲ್ಲ. ತರಗತಿಯಲ್ಲಿ ಆ ಪಾಠ ಹೇಳುವಾಗ ನನ್ನ ತಾತನನ್ನು ಎಲ್ಲಿ ನಿಲ್ಲಿಸಬೇಕು? ಅವರು ದೇಶದ ಕರೆಗೆ ಓಗೊಡದವರೋ, ಕೊಟ್ಟ ಮಾತಿಗೆ ತಪ್ಪದವರೋ?

ಸೇರಿದವರ ವಾದ ಬಲವಾದದ್ದು. ಪರದೇಶದ ದೊರೆಗೆ ಕೊಟ್ಟ ಮಾತು ಸ್ವಂತ ದೇಶಕ್ಕಿಂತ ದೊಡ್ಡದೇ? ಅಷ್ಟಲ್ಲದೆ, ದನದ ಜಾತ್ರೆಯಲ್ಲಿ ಹಗ್ಗ ಬದಲಾಯಿಸಿದ ಹಾಗೆ ತಮ್ಮನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದ ಮೇಲೆ ಯಾವ ಮಾತು, ಯಾವ ಪ್ರಮಾಣ? 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಇವರ ವಿಚಾರಣೆ ಆರಂಭವಾದಾಗ ಭೂಲಾಭಾಯಿ ದೇಸಾಯಿಯವರು ವಾದಿಸಿದ್ದೂ ಇದರ ಸುತ್ತಲೇ: ಪರಾಧೀನ ಜನಕ್ಕೆ ತಮ್ಮ ಬಿಡುಗಡೆಗಾಗಿ ಹೋರಾಡುವ ಹಕ್ಕಿದೆ. ಇಡೀ ದೇಶ ಆ ವಾದದ ಕಡೆಗೆ ನಿಂತಿತು.

ತಾತನ ಕಡೆಯ ವಾದವೇನು? ನಾನು ಬೇರೆ ಬೇರೆ ವಯಸ್ಸಿನಲ್ಲಿ ಈ ಪ್ರಶ್ನೆಯನ್ನು ಅವರ ಮುಂದಿಟ್ಟಿದ್ದೇನೆ. ಚಿಕ್ಕವಳಿದ್ದಾಗ ಕೇಳಿದರೆ, "ಉಂಡ ಮನೆಗೆ ಎರಡು ಬಗೆಯಬಾರದು" ಎಂದರು. ಹೈಸ್ಕೂಲಿನಲ್ಲಿದ್ದಾಗ ಕೇಳಿದರೆ, "ನಮ್ಮ ಗುಂಪಿನ ನಾಲ್ಕು ಹುಡುಗ್ರು ಜ್ವರದಲ್ಲಿ ಮಲಗಿದ್ರು, ಬುಟ್ಟು ಎಲ್ಲಿಗೆ ಹೋಗ್ಲಿ?" ಎಂದರು. ಬಿ.ಎ. ಓದುವಾಗ, ಸ್ವಲ್ಪ ಗತ್ತಿನಿಂದಲೇ ಕೇಳಿದಾಗ, ಬಹಳ ಹೊತ್ತು ಸುಮ್ಮನಿದ್ದು, "ಜಪಾನಿನವನನ್ನ ನಂಬಾಕಾಗ್ನಿಲ್ಲ. ಹೆದರಿಕೆನೂ ಆಯ್ತು ಅನ್ನು" ಎಂದರು. ಈ ಮೂರರಲ್ಲಿ ಯಾವುದು ನಿಜವೆಂದು ಆಗ ಹಟ ಹಿಡಿದಿದ್ದೆ. ಈಗ ಮೂರೂ ನಿಜವೆನಿಸುತ್ತದೆ. ಮನುಷ್ಯ ಒಂದೇ ಕಾರಣಕ್ಕೆ ಒಂದು ಕಡೆ ನಿಲ್ಲುವುದು ಪಠ್ಯಪುಸ್ತಕದಲ್ಲಿ ಮಾತ್ರ.

ನಿಷ್ಠೆಯ ಲೆಕ್ಕ ಎಷ್ಟು ತೊಡಕಿನದೆಂದು ತಿಳಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಪಾಂಡವಪುರಕ್ಕೆ ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಹೈದರ್ ಮತ್ತು ಟಿಪ್ಪುವಿನ ಸಂಬಳ ಪಡೆದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡಕ್ಕೆ ಗ್ಯಾರಿಸನ್ ಸ್ಮಶಾನವೆಂಬುದಿದೆ. ಅಲ್ಲಿ ಡಿ ಮ್ಯೂರನ್ ದಳದ ಸ್ವಿಸ್ ಸೈನಿಕರು ಮಲಗಿದ್ದಾರೆ. ಆ ದಳ ಮೊದಲು ಸಿಂಹಳದಲ್ಲಿ ಡಚ್ಚರ ಉಪ್ಪು ತಿಂದು, 1795ರಲ್ಲಿ ಇಂಗ್ಲಿಷರ ಕಡೆಗೆ ಸೇರಿ, 1799ರಲ್ಲಿ ಟಿಪ್ಪುವಿನ ಕೋಟೆಗೆ ಲಗ್ಗೆಯಿಟ್ಟಿತು. ಅದೇ ಕೋಟೆಯೊಳಗೆ ಮೀರ್ ಸಾದಕನಿದ್ದ, ಅವನ ಹೆಸರು ಇಂದಿಗೂ ದ್ರೋಹಿ ಎಂಬುದಕ್ಕೆ ಪರ್ಯಾಯ ಪದ. ಅಲ್ಲೇ ಪೂರ್ಣಯ್ಯನವರೂ ಇದ್ದರು. ಹೈದರನಿಗೂ ಟಿಪ್ಪುವಿಗೂ ಸೇವೆ ಸಲ್ಲಿಸಿ, ಕೋಟೆ ಬಿದ್ದ ಮೇಲೆ ಗೆದ್ದವರ ಜೊತೆ ಮಾತುಕತೆ ನಡೆಸಿ, 1811ರವರೆಗೆ ಮೈಸೂರಿನ ದಿವಾನರಾಗಿದ್ದವರು. ಅವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯನ್ನು ನಾವು ಇಂದಿಗೂ ಹೊಗಳುತ್ತೇವೆ, ಅವರನ್ನು ಯಾರೂ ದ್ರೋಹಿಯೆನ್ನುವುದಿಲ್ಲ. ದೊರೆ ಬದಲಾದಾಗಲೂ ಜನರನ್ನು ಕಾಯುವ ಕೆಲಸ ಬಿಡಲಿಲ್ಲ ಎಂಬುದು ಅವರ ಪರವಾದ ಮಾತು. ತಾತ ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಾಗಲೆಲ್ಲ ಈ ಕಲ್ಲುಗಳನ್ನು ತೋರಿಸುತ್ತಿದ್ದರು. ಯಾರನ್ನೂ ಬೈಯುತ್ತಿರಲಿಲ್ಲ. "ಆ ಹೊತ್ತಿನಲ್ಲಿ ಅಲ್ಲಿದ್ದವರಿಗೇ ಗೊತ್ತು" ಎನ್ನುತ್ತಿದ್ದರು.

ಅವರ ಜೊತೆ ಶಿಬಿರದಲ್ಲಿದ್ದ ಕೆ.ಆರ್. ಪೇಟೆ ಕಡೆಯ ಗೆಳೆಯರೊಬ್ಬರು ಆಜಾದ್ ಹಿಂದ್ ಫೌಜಿಗೆ ಸೇರಿ ಬರ್ಮಾಕ್ಕೆ ಹೋದರು. ಒಂದು ಕಾಲು ಸ್ವಾಧೀನ ತಪ್ಪಿಸಿಕೊಂಡು ಬಂದರು. ಈ ಇಬ್ಬರೂ ಸಾಯುವವರೆಗೆ ಗೆಳೆಯರಾಗಿಯೇ ಉಳಿದರು. ಹೇಮಾವತಿಯ ದಡದಲ್ಲಿ ನಡೆಯುವ ಹೇಮಗಿರಿ ಜಾತ್ರೆಗೆ ಪ್ರತಿ ವರ್ಷ ತಾತ ಎತ್ತು ಕೊಳ್ಳುವ ನೆಪದಲ್ಲಿ ಹೋಗಿ ಅವರ ಮನೆಯಲ್ಲಿ ಎರಡು ದಿನ ಇದ್ದು ಬರುತ್ತಿದ್ದರು. ನೀನು ಮಾಡಿದ್ದು ತಪ್ಪು ಎಂದು ಒಬ್ಬರಿಗೊಬ್ಬರು ಹೇಳಿದ್ದನ್ನು ನಾನು ಕೇಳಿಲ್ಲ. ಇಬ್ಬರೂ ತಾವು ಹಿಡಿದ ದಾರಿಗೆ ತಮ್ಮ ಮೈಯಿಂದಲೇ ಬೆಲೆ ಕೊಟ್ಟವರು. ಆ ಗೌರವ ಪರಸ್ಪರ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ತಾತನ ಕಥೆ ಸುಂದರವಾಗಿಯೇ ಇದೆ. ಆದರೆ ಅವರು ಮೂಟೆ ಹೊರುತ್ತಿದ್ದ ಆ ಮೂರೂವರೆ ವರ್ಷ ಅಜ್ಜಿ ಏನು ಮಾಡುತ್ತಿದ್ದಳು? ಒಂದು ಕಾಗದವೂ ಬರಲಿಲ್ಲ. ಬದುಕಿದ್ದಾರೋ ಇಲ್ಲವೋ ಹೇಳುವವರಿರಲಿಲ್ಲ. ಮೊದಲನೆಯ ವರ್ಷ ಮನೆಯವರು ಹರಕೆ ಹೊತ್ತರು. ಎರಡನೆಯ ವರ್ಷ ಪಿಸುಮಾತು ಶುರುವಾಯಿತು: ಕುಂಕುಮ ಇಟ್ಟುಕೊಳ್ಳುವುದು ಸರಿಯೋ ತಪ್ಪೋ? ಮೂರನೆಯ ವರ್ಷ ನಾಗಮಂಗಲದಿಂದ ಅಣ್ಣಂದಿರು ಗಾಡಿ ಕಟ್ಟಿಕೊಂಡು ಬಂದು, "ಮಕ್ಕಳಿಲ್ಲ ಮರಿಯಿಲ್ಲ, ಇಲ್ಲಿ ಯಾರಿಗಾಗಿ ಸವೀತೀಯ, ನಡಿ" ಎಂದು ಕರೆದರು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ ಅಜ್ಜಿ. "ಬತ್ತೀನಿ ಅಂತ ಹೇಳಿ ಹೋಗವ್ರೆ" ಎಂದು ಅವರನ್ನು ಹಿಂದಕ್ಕೆ ಕಳಿಸಿದಳು. ಮಾತು ಕೊಟ್ಟವರು ತಾತ. ಅದನ್ನು ಕಾದವಳು ಅವಳು. 1945ರ ಕೊನೆಯಲ್ಲಿ ಅವರು ಮನೆಯ ಬಾಗಿಲಿಗೆ ಬಂದು ನಿಂತಾಗ ಊರೆಲ್ಲ, "ನೋಡ್ರಪ್ಪ, ಬತ್ತೀನಿ ಅಂದವನು ಬಂದೇಬುಟ್ಟ" ಎಂದು ಕೊಂಡಾಡಿತು. ಕಾದವಳ ಬಗ್ಗೆ ಯಾರೂ ಅಂಥದ್ದೇನನ್ನೂ ಹೇಳಲಿಲ್ಲ. ಹೆಂಗಸರ ವಿಷಯದಲ್ಲಿ ಅದು ಗುಣವಲ್ಲ, ವಾಡಿಕೆ.

ತಾತ ತಂದಿದ್ದ ಸ್ವಲ್ಪ ಹಣದಲ್ಲಿ 1947ರಲ್ಲಿ ಆಲೆಮನೆ ಹಾಕಿದರು. ಮೊದಲು ಎತ್ತಿನ ಗಾಣ, ಕೆಲವು ವರ್ಷದ ಮೇಲೆ ಡೀಸೆಲ್ ಎಂಜಿನ್. ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿ ಇದ್ದರೂ ಅಲ್ಲಿಗೆ ಕಬ್ಬು ಸಾಗಿಸುವ ಶಕ್ತಿ ಸಣ್ಣ ರೈತನಿಗಿರಲಿಲ್ಲ. ಅಂಥವರ ಕಬ್ಬೇ ತಾತನ ಬಂಡವಾಳ. ನೂರು ಮಣ ಕಬ್ಬು ಅರೆದರೆ ಹತ್ತು ಮಣ ಬೆಲ್ಲ ಎಂಬುದು ಒಂದು ಅಂದಾಜು, ಕಬ್ಬಿನ ಜಾತಿ ನೋಡಿ ಸ್ವಲ್ಪ ಹೆಚ್ಚು ಕಡಿಮೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಸುಣ್ಣದ ತಿಳಿ ಎಷ್ಟು ಹಾಕಬೇಕು, ಪಾಕ ಯಾವ ಕ್ಷಣಕ್ಕೆ ಇಳಿಸಬೇಕು ಎಂಬುದೇ ಆ ವ್ಯಾಪಾರದ ಒಳಗುಟ್ಟು. ಒಂದು ಗಳಿಗೆ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಒಂದು ಗಳಿಗೆ ಮುಂಚೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಒಲೆಗೆ ಸಿಪ್ಪೆ ಎಸೆಯುವ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ನಾಗಮಂಗಲದ ಒಣ ಊರುಗಳಿಂದ ಅಜ್ಜಿಯ ಕಡೆಯವರೇ ಬರುತ್ತಿದ್ದರು. ಬರೆದು ಕೊಡುವುದು, ರುಜು ಹಾಕುವುದು ಯಾವುದೂ ಇರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ತಾತ ಹೊಲದ ಬದುವಿನ ಮೇಲೆ ನಿಂತು, ಗಾಡಿ ಕಬ್ಬಿಗೆ ಇಷ್ಟು ಎಂದು ಹೇಳಿದರೆ ಮುಗಿಯಿತು.

1950ರ ದಶಕದ ಆರಂಭದ ಒಂದು ವರ್ಷ ಹೀಗೆ ಹೇಳಿದ ಬೆಲೆಗೂ ಯುಗಾದಿಯ ಹೊತ್ತಿಗೆ ಬೆಲ್ಲಕ್ಕೆ ಸಿಕ್ಕ ಬೆಲೆಗೂ ಅಜಗಜಾಂತರವಾಯಿತು. ಪೇಟೆಯಲ್ಲಿ ಬೆಲ್ಲದ ಧಾರಣೆ ಅರ್ಧಕ್ಕಿಳಿಯಿತು. ಸುತ್ತಲ ಆಲೆಮನೆಯವರು ರೈತರನ್ನು ಕರೆದು, ಪೇಟೆ ಬಿದ್ದಿದೆ, ನಾವೇನು ಮಾಡೋಣ, ಅರ್ಧ ತಗೊಳ್ಳಿ ಎಂದರು. ರೈತರು ತಲೆ ಕೆರೆದುಕೊಂಡು ಒಪ್ಪಿಕೊಂಡರು. ತಾತನ ಬಳಿ ಬಂದವರೂ ಅದನ್ನೇ ನಿರೀಕ್ಷಿಸಿದ್ದರು. ತಾತ, "ಹೇಳಿದ್ದು ಎಷ್ಟು? ಅಷ್ಟು" ಎಂದರು. ದುಡ್ಡೆಲ್ಲಿತ್ತು? ಅಜ್ಜಿಯ ಚಿನ್ನ ಪಾಂಡವಪುರದ ಸೇಠರ ಅಂಗಡಿಗೆ ಹೋಯಿತು. ಸಾಲದೆಂದು ಹಿತ್ತಾಳೆಯ ಪಾತ್ರೆಗಳೂ ಹೋದವು. ಒಂದು ಹಂಡೆ ಮಾತ್ರ ಉಳಿಯಿತು, ಅದೂ ತಳ ಸೀಳಿದ್ದರಿಂದ.

ಆ ಸಂಜೆಯ ಮಾತನ್ನು ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಾಳೆ, ಪ್ರತಿ ಸಲವೂ ನಗುತ್ತಲೇ. ಕನ್ನಂಬಾಡಿ ಕಟ್ಟೆಗೆ ಹಣ ಸಾಲದೆ ಬಂದಾಗ ಅರಮನೆಯ ಒಡವೆಗಳನ್ನೇ ಮಾರಿದರೆಂದು ನಮ್ಮ ಕಡೆಯ ಜನ ಹೇಳಿಕೊಳ್ಳುತ್ತಾರೆ. ಚಿನ್ನದ ಗಂಟು ಬಿಚ್ಚುವಾಗ ತಾತ ಆ ಕಥೆಯನ್ನು ಎತ್ತಿ, ಮಹಾರಾಣಿಯವರೇ ಕೊಡಲಿಲ್ಲವೇ ಎಂದರಂತೆ. ಅಜ್ಜಿ, "ಕೊಟ್ರು. ಅವರಿಗೆ ಅರಮನೆ ಉಳೀತು" ಎಂದಳಂತೆ. ಅಷ್ಟೇ. ಬಳೆ ಬಿಚ್ಚಿ ಕೊಟ್ಟಳು.

ಆ ವರ್ಷದಿಂದ ತಾತನ ಹೆಸರು ಸುತ್ತ ಹತ್ತು ಹಳ್ಳಿಗೆ ಹಬ್ಬಿತು. ಮರುವರ್ಷ ಅವರ ಆಲೆಮನೆಗೆ ಕಬ್ಬು ತಾನಾಗಿ ಹರಿದು ಬಂತು. ಹಿಟ್ಟಿನ ಗಿರಣಿ ಬಂತು. ಪಾಂಡವಪುರಕ್ಕೇ ಸಹಕಾರಿ ಸಕ್ಕರೆ ಕಾರ್ಖಾನೆ ಬಂದ ಮೇಲೂ ಅವರ ಆಲೆ ನಿಲ್ಲಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅವರ ಮೂಲ ಬಂಡವಾಳ ನಂಬಿಕೆ. ಆದರೆ ಆ ಬಂಡವಾಳದ ಬಹುಪಾಲು ಅಜ್ಜಿಯದು, ಅದೂ ಕೇಳದೆ ತೆಗೆದುಕೊಂಡದ್ದು. ಒಡವೆ ಮುಂದೆ ಮೆಲ್ಲಗೆ ಬಿಡಿಸಿಕೊಂಡರೋ ಎಂದರೆ, ಅರ್ಧ ಬಿಡಿಸಿದರು, ಅರ್ಧ ಹೋಯಿತು.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಕೊಟ್ಟ ಮಾತನ್ನು ಯಾರಿಗೆ ಕೊಟ್ಟೆವು ಎಂಬುದರ ಮೇಲೆ ಅದರ ಬೆಲೆ ಕಟ್ಟಬೇಕೆಂದು ಕೆಲವರು ಹೇಳುತ್ತಾರೆ. ಹಾಗೆ ನೋಡಿದರೆ ಬಡ ರೈತರಿಗೆ ಕೊಟ್ಟ ಮಾತು ಉತ್ತಮ, ಪರರ ಯುದ್ಧಕ್ಕೆ ಕಟ್ಟಿಹಾಕಿದ ಪ್ರಮಾಣ ಅಧಮ. ಇನ್ನು ಕೆಲವರು, ಮಾತು ಮಾತೇ, ಹುಲಿಗೆ ಕೊಟ್ಟರೂ ಒಂದೇ ಎನ್ನುತ್ತಾರೆ. ಇವೆರಡರಲ್ಲೂ ಸತ್ಯವಿದೆ. ಆದರೆ ಎರಡು ಕಡೆಯವರೂ ಮಾತು ಕೊಟ್ಟವನನ್ನೂ ಪಡೆದವನನ್ನೂ ಮಾತ್ರ ನೋಡುತ್ತಾರೆ. ಮೂರನೆಯವರೊಬ್ಬರು ಯಾವಾಗಲೂ ಇರುತ್ತಾರೆ. ಅವರು ಮಾತು ಕೊಟ್ಟವರಲ್ಲ, ಪಡೆದವರೂ ಅಲ್ಲ, ಆದರೆ ಬೆಲೆ ತೆರುವವರು. ನನ್ನ ಮಟ್ಟಿಗೆ ಮಾತಿನ ಧರ್ಮ ತೀರ್ಮಾನವಾಗಬೇಕಾದದ್ದು ಈ ಮೂರನೆಯವರ ಮುಂದೆ. ನನ್ನ ಮಾತಿಗೆ ನಾನೇ ಬೆಲೆ ತೆತ್ತರೆ ಅದು ಸತ್ಯ. ನನ್ನ ಮಾತಿಗೆ ಇನ್ನೊಬ್ಬರ ಕೈಯಿಂದ ಬೆಲೆ ಕೊಡಿಸಿ, ಹೊಗಳಿಕೆಯನ್ನು ನಾನು ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಈ ಮೂರನೆಯವರು ಮನೆಗಳಲ್ಲಷ್ಟೇ ಇಲ್ಲ. ನಮ್ಮ ಇಡೀ ಸೀಮೆ ಉಣ್ಣುವ ಅನ್ನ ಕನ್ನಂಬಾಡಿ ಕಟ್ಟೆಯದು. 1911ರಲ್ಲಿ ಕೆಲಸ ಆರಂಭವಾದ ಆ ಕಟ್ಟೆ ನಾಡಿಗೆ ಕೊಟ್ಟ ದೊಡ್ಡ ಮಾತು, ಉಳಿಸಿಕೊಂಡ ಮಾತು. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ಆ ಮಾತಿಗೆ ಮನೆ, ಹೊಲ, ದೇವಸ್ಥಾನಗಳ ಬೆಲೆ ಕೊಟ್ಟರು. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿ ಇಂದು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಂತಿದೆ, ನೋಡಲು ಜನ ಹೋಗುತ್ತಾರೆ. ಗುಡಿಯನ್ನು ಹಾಗೆ ತರಬಹುದು, ಊರನ್ನು ತರಲಾಗುವುದಿಲ್ಲ. ಕಟ್ಟೆ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ, ಆ ನೀರು ಕುಡಿದೇ ಬೆಳೆದವಳು. ಕೃತಜ್ಞತೆ ಸಲ್ಲಿಸುವಾಗ ಕಟ್ಟಿದವರ ಜೊತೆ ಮುಳುಗಿದವರ ಹೆಸರೂ ಬರಬೇಕೆನ್ನುತ್ತಿದ್ದೇನೆ.

ಹಾಗೆಯೇ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಎಷ್ಟೋ ಮನೆಗಳಿಂದ ಗಂಡಸರು 'ಬತ್ತೀನಿ' ಎಂದು ಹೇಳಿ ಮುಂಬಯಿಗೆ ಹೋಗುತ್ತಾರೆ. 2020ರ ಮೇ ತಿಂಗಳಲ್ಲಿ ಕೊರೋನಾ ಕಾಲದಲ್ಲಿ ಅವರೆಲ್ಲ ಒಟ್ಟಿಗೆ ಊರಿಗೆ ಮರಳಿದಾಗ, ಬಂದವರನ್ನು ದೂರ ಇಡಬೇಕೆಂದು ಊರವರು ಗಲಾಟೆ ಮಾಡಿದಾಗ, ತಟ್ಟೆಯಲ್ಲಿ ಮುದ್ದೆ ಹಿಡಿದು ಶಾಲೆಯ ಕಟ್ಟಡದ ಹೊರಗೆ ನಿಂತಿದ್ದ ಹೆಂಗಸರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬೊಬ್ಬರೂ ನನ್ನ ಅಜ್ಜಿಯಂತೆಯೇ ಕಂಡರು.

ತಾತನಿಗೆ ಇದು ತಿಳಿದಿರಲಿಲ್ಲವೇ? ಬಹುಕಾಲ ತಿಳಿದಿರಲಿಲ್ಲವೆಂದೇ ನನ್ನ ಭಾವನೆ. ತಿಳಿದದ್ದು ಎಪ್ಪತ್ತರ ದಶಕದಲ್ಲಿ, ಒಂದು ಸಣ್ಣ ಮಾತಿನಿಂದ. ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ತಂದಾಗ ಆಜಾದ್ ಹಿಂದ್ ಫೌಜಿನವರೂ ಅದಕ್ಕೆ ಅರ್ಹರಾದರು. ತಾತ ತಮ್ಮ ಕೆ.ಆರ್. ಪೇಟೆಯ ಗೆಳೆಯರ ಪರವಾಗಿ ಓಡಾಡಿ, ಸಾಕ್ಷಿ ಹೇಳಿ, ಅವರಿಗೆ ಪಿಂಚಣಿ ಬರುವಂತೆ ನೋಡಿಕೊಂಡರು. ಆಗ ಊರಿನ ಪ್ರಮುಖರೊಬ್ಬರು, "ನೀವೂ ಸಿಂಗಪುರದಲ್ಲೇ ಇದ್ರಲ್ಲ, ಒಂದು ಅರ್ಜಿ ಹಾಕಿ. ಯಾರು ನೋಡೋಕೆ ಹೋಗ್ತಾರೆ?" ಎಂದರು. ಗಿರಣಿ ಕೆಟ್ಟು ನಿಂತು, ಕೈ ಬಿಗಿಯಾಗಿದ್ದ ಕಾಲ ಅದು. ತಾತ ಒಂದೇ ಮಾತಿನಲ್ಲಿ ಇಲ್ಲವೆಂದು ಹೇಳಿ ಮನೆಗೆ ಬಂದು, ಸ್ವಲ್ಪ ಹೆಮ್ಮೆಯಿಂದಲೇ ಅಜ್ಜಿಯ ಮುಂದೆ ವರದಿ ಒಪ್ಪಿಸಿದರು. ಅಜ್ಜಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆಯೇ, "ನನ್ನ ಕೇಳಿದ್ರೂ ಬ್ಯಾಡ ಅಂತ್ಲೇ ಅಂತಿದ್ದೆ" ಎಂದಳು. ಆಮೇಲೆ ಮೊರ ನಿಲ್ಲಿಸಿ, "ಆದ್ರೆ ಕೇಳ್ನಿಲ್ವಲ್ಲ ನೀವು. ಯಾವತ್ತೂ ಕೇಳ್ನಿಲ್ಲ" ಎಂದಳು.

ಇದನ್ನು ನನಗೆ ಹೇಳಿದ್ದು ಅಜ್ಜಿಯಲ್ಲ, ತಾತನೇ. ಮೂವತ್ತು ವರ್ಷಗಳ ಹಳೆಯ ಬಾಕಿಯನ್ನು ಯಾರೋ ಚೀಟಿಯಲ್ಲಿ ಬರೆದು ಕೈಗಿತ್ತ ಹಾಗಾಯಿತೆಂದು ಅವರು ಹೇಳಿದರು. ಅಜ್ಜಿಯ ಮಾತಿನಲ್ಲಿ ದೂರಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವಳು ಕೊಡುವುದಿಲ್ಲ ಎನ್ನುತ್ತಿರಲಿಲ್ಲ. ಚಿನ್ನವನ್ನೂ ಕೊಡುತ್ತಿದ್ದಳು, ವರ್ಷಗಳನ್ನೂ ಕೊಡುತ್ತಿದ್ದಳು. ಕೇಳಿ ಪಡೆದಿದ್ದರೆ ಅದು ಅವಳ ದಾನವಾಗುತ್ತಿತ್ತು, ಆ ಮಾತು ಇಬ್ಬರದೂ ಆಗುತ್ತಿತ್ತು. ಕೇಳದೆ ತೆಗೆದುಕೊಂಡದ್ದರಿಂದ ಅವಳಿಗೆ ತೆರಿಗೆಯ ಹೊರೆ ಮಾತ್ರ ಉಳಿಯಿತು.

ಆ ದಿನದ ನಂತರ ತಾತನಲ್ಲಿ ಆದ ಬದಲಾವಣೆಯನ್ನು ಊರವರು ಗಮನಿಸಿದ್ದರು, ಸ್ವಲ್ಪ ಗೇಲಿಯನ್ನೂ ಮಾಡಿದ್ದರು. ಕಬ್ಬಿನ ಬೆಲೆ ಕೇಳಲು ಬಂದವರಿಗೆ, ಸಾಲಕ್ಕೆ ಜಾಮೀನು ಕೇಳಲು ಬಂದವರಿಗೆ, ಅವರು ಹಿಂದಿನ ಹಾಗೆ ಬದುವಿನ ಮೇಲೆ ನಿಂತು ಉತ್ತರ ಕೊಡುವುದನ್ನು ಬಿಟ್ಟರು. "ಮನೇಲಿ ಕೇಳಿ ಹೇಳ್ತೀನಿ" ಎನ್ನತೊಡಗಿದರು. ವಯಸ್ಸಾಯಿತು, ಹೆಂಡತಿಗೆ ಹೆದರುತ್ತಾರೆ ಎಂದು ಜನ ನಕ್ಕರು. ಮಾತು ಕೊಡುವುದು ತಡವಾಯಿತು, ಕೊಟ್ಟ ಮಾತುಗಳ ಸಂಖ್ಯೆಯೂ ಕಡಿಮೆಯಾಯಿತು. ಆದರೆ ಕೊಟ್ಟದ್ದು ಒಂದೂ ಹುಸಿಹೋಗಲಿಲ್ಲ.

ಆ ಬದಲಾವಣೆಯ ಫಲವನ್ನು ಉಂಡವಳು ನಾನು. 1986ರಲ್ಲಿ ನನ್ನ ಪಿ.ಯು.ಸಿ. ಮುಗಿದಾಗ ಕೆ.ಆರ್. ಪೇಟೆ ಕಡೆಯ ಅನುಕೂಲಸ್ಥರೊಬ್ಬರು ಮಗನಿಗೆ ನನ್ನನ್ನು ಕೇಳಲು ಬಂದರು. ತಾತನಿಗೆ ಬಹಳ ಬೇಕಾದವರು. ಹಳೆಯ ತಾತನಾಗಿದ್ದರೆ ಎಲೆ ಅಡಿಕೆ ತಟ್ಟೆ ಬರುವ ಮೊದಲೇ ಮಾತು ಮುಗಿಯುತ್ತಿತ್ತು. ಅವರು ಒಳಗೆ ಬಂದು ಅಜ್ಜಿಯನ್ನು ಕೇಳಿದರು. ಅಜ್ಜಿ, "ಬಾಳೋಳು ಅವ್ಳು, ಅವ್ಳನ್ನ ಕೇಳಿ" ಎಂದಳು. ಎಪ್ಪತ್ತು ದಾಟುತ್ತಿದ್ದ ಆ ಮನುಷ್ಯ ಹದಿನೆಂಟರ ಹುಡುಗಿಯ ಮುಂದೆ ನಿಂತು, "ಏನವ್ವ, ಏನು ಹೇಳ್ಲಿ?" ಎಂದರು. ಓದುತ್ತೇನೆ ಎಂದೆ. ಮೈಸೂರಿನಲ್ಲಿ ಬಿ.ಎ. ಓದಿದೆ, ಬಿ.ಎಡ್. ಮಾಡಿದೆ. ಇಂದು ಕಪ್ಪುಹಲಗೆಯ ಮುಂದೆ ನಿಲ್ಲುವುದು ಸಾಧ್ಯವಾಗಿರುವುದು ತಾತ ಅಂದು ಕೊಡದೇ ಉಳಿದ ಒಂದು ಮಾತಿನಿಂದ.

ಆದ್ದರಿಂದ ಅವರ ತಿಥಿಯ ದಿನ ಜನ ಆಡಿದ ಹೊಗಳಿಕೆಗೆ ನಾನು ಒಂದನ್ನು ಸೇರಿಸಲು ಇಷ್ಟಪಡುತ್ತೇನೆ. ಮಾತಿಗೆ ತಪ್ಪಿದವರಲ್ಲ ಎಂಬುದು ಅವರ ಹರ್ಯಯದ ಗುಣ, ಅದು ಅವರಿಗೆ ಸೈನ್ಯದಲ್ಲಿ ಬಂತೋ ಹುಟ್ಟಿನಿಂದ ಬಂತೋ, ಹೇಗೂ ಸುಲಭವಾಗಿ ಬಂದಿತ್ತು. ಕೇಳದೆ ಮಾತು ಕೊಡುವವರಲ್ಲ ಎಂಬುದು ಅವರು ಅರವತ್ತರ ಹತ್ತಿರ ಕಷ್ಟಪಟ್ಟು ಕಲಿತದ್ದು. ಮೊದಲನೆಯದಕ್ಕೆ ಊರು ಅವರನ್ನು ನೆನೆಯುತ್ತದೆ. ಎರಡನೆಯದಕ್ಕೆ ನಾನು ನೆನೆಯುತ್ತೇನೆ.